ಜರ್ಸಿ ದ್ವೀಪಕ್ಕೆ ಕೆಲಸಕ್ಕೆ ಹೊರಟವರಿಗೆ: ಪರ್ಮಿಟ್, ಕಾರ್ಡ್, ಮನೆ, ಓಡಾಟ, ಯಾವುದು ಮೊದಲು ಯಾವುದು ಆಮೇಲೆ

ಜರ್ಸಿಯಲ್ಲಿ ಕೆಲಸ ಸಿಕ್ಕಿದ ನಮ್ಮವರು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಎಡವುತ್ತಿದ್ದಾರೆ. ನರ್ಸ್ ಇರಲಿ, ಹೋಟೆಲಿನ ಅಡುಗೆಯವರಿರಲಿ, ಫೈನಾನ್ಸ್ ಕಂಪನಿಗೆ ಹೊರಟ ಅಕೌಂಟೆಂಟ್ ಇರಲಿ, ವೀಸಾ ಬಂದ ಕೂಡಲೇ ಎಲ್ಲಾ ಮುಗೀತು ಅಂದುಕೊಂಡು ಹೊರಟುಬಿಡುತ್ತಾರೆ. ಇಳಿದ ಮೇಲೆ ಮನೆ ಕೊಡುವವರು ಇನ್ಯಾವುದೋ ಕಾರ್ಡ್ ಕೇಳುತ್ತಾರೆ. ಜೊತೆಗೆ ಬಂದ ಗಂಡನಿಗೋ ಹೆಂಡತಿಗೋ ಕೆಲಸ ಕೊಡಲು ಒಪ್ಪಿದ್ದ ಅಂಗಡಿಯವರು ಕಾರ್ಡ್ ನೋಡಿ "ಆಗಲ್ಲ" ಅನ್ನುತ್ತಾರೆ.

ಕಾರಣ ಇಷ್ಟೇ. ಜರ್ಸಿ ಯುನೈಟೆಡ್ ಕಿಂಗ್‌ಡಮ್‌ನ ಭಾಗ ಅಲ್ಲ. ಫ್ರಾನ್ಸ್ ತೀರದ ಹತ್ತಿರ ಇರುವ, ಬ್ರಿಟಿಷ್ ರಾಜಪೀಠಕ್ಕೆ (ಕ್ರೌನ್‌ಗೆ) ಅಧೀನವಾದ, ತನ್ನದೇ ಶಾಸನಸಭೆ, ತನ್ನದೇ ತೆರಿಗೆ, ತನ್ನದೇ ಕಾನೂನು ಇರುವ ದ್ವೀಪ. ಅಲ್ಲಿ ಎರಡು ಬೇರೆ ಬೇರೆ ಅನುಮತಿ ಬೇಕು. ಒಂದು ವಲಸೆಯ ಅನುಮತಿ, ಅಂದರೆ ವರ್ಕ್ ಪರ್ಮಿಟ್ ಮತ್ತು ವೀಸಾ. ಇನ್ನೊಂದು ದ್ವೀಪದ ಮನೆ ಮತ್ತು ಕೆಲಸದ ಕಾನೂನಿನ ಅನುಮತಿ. ಇದು 2012ರಲ್ಲಿ ಆದ ಕಾನೂನು, 2013ರ ಜುಲೈನಿಂದ ಜಾರಿಯಲ್ಲಿದೆ. ಲಂಡನ್‌ನಿಂದ ಬರುವ ಬ್ರಿಟಿಷ್ ಪ್ರಜೆಗೂ ಈ ಎರಡನೆಯದು ತಪ್ಪಿದ್ದಲ್ಲ. ಒಂದು ಸಿಕ್ಕಿತು ಅಂದ ಮಾತ್ರಕ್ಕೆ ಇನ್ನೊಂದು ಸಿಗುವುದಿಲ್ಲ. ಮುಂದೆ ಓದುವಾಗ ಈ ಎರಡನ್ನು ತಲೆಯಲ್ಲಿ ಬೇರೆ ಬೇರೆ ಇಟ್ಟುಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

## ಹಂತ 1: ನೀವು ಯಾವ ಗುಂಪು ಅಂತ ಮೊದಲು ನೋಡಿಕೊಳ್ಳಿ

ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡು ನೇರ ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಹೊರಡುವವರಿಗೆ ಎರಡೂ ಅನುಮತಿ ಬೇಕು. ಈ ಬರಹ ಮುಖ್ಯವಾಗಿ ಅವರಿಗೇ.

ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಂಡು ಓಸಿಐ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರ ಕಾರ್ಡ್) ಇಟ್ಟುಕೊಂಡಿರುವ ಕನ್ನಡಿಗರಿಗೆ ವೀಸಾ ಬೇಡ, ಎರಡನೆಯ ಅನುಮತಿ ಮಾತ್ರ ಸಾಕು. ನೀವು ಹಂತ 2ರ ದರ್ಜೆಗಳನ್ನು ಓದಿಕೊಂಡು ನೇರ ಹಂತ 5ಕ್ಕೆ ಹೋಗಬಹುದು.

ಜಾಸ್ತಿ ಎಡವಟ್ಟು ಆಗುವುದು ಈಗಾಗಲೇ ಇಂಗ್ಲೆಂಡಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರಿಗೆ. ಆ ವೀಸಾ ನಿಮ್ಮನ್ನು ಯುಕೆಯ ಒಬ್ಬ ಸ್ಪಾನ್ಸರ್‌ಗೆ, ಅಂದರೆ ನಿಮ್ಮನ್ನು ಕರೆಸಿಕೊಂಡ ಕಂಪನಿಗೆ, ಕಟ್ಟಿಹಾಕಿದೆ. ಜರ್ಸಿಗೆ ಸುತ್ತಾಡಲು ಹೋಗಿ ಬರಬಹುದು, ಕೆಲಸ ಮಾಡುವಂತಿಲ್ಲ. ಜರ್ಸಿಯ ಕಂಪನಿ ನಿಮ್ಮ ಹೆಸರಿಗೆ ಬೇರೆ ವರ್ಕ್ ಪರ್ಮಿಟ್ ತೆಗೆಯಲೇಬೇಕು. ಓದು ಮುಗಿಸಿ ಗ್ರಾಜುಯೇಟ್ ವೀಸಾದಲ್ಲಿ ಇರುವವರು ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಜರ್ಸಿಯ ಕಸ್ಟಮ್ಸ್ ಮತ್ತು ಇಮಿಗ್ರೇಷನ್ ಇಲಾಖೆಗೆ ಇಮೇಲ್ ಮಾಡಿ, ಲಿಖಿತ ಉತ್ತರ ಬಂದ ಮೇಲೆ ಮುಂದುವರಿಯಿರಿ. ಸ್ನೇಹಿತರು ಹೇಳಿದರು ಅಂತ ಹೊರಡಬೇಡಿ.

## ಹಂತ 2: ನಾಲ್ಕು ದರ್ಜೆ ಅರ್ಥ ಮಾಡಿಕೊಳ್ಳಿ

ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲೇ ಇದನ್ನು ಓದಿ. ನಿಮ್ಮ ಬಾಡಿಗೆ, ಸಂಗಾತಿಯ ಕೆಲಸ, ಮುಂದಿನ ಐದು ವರ್ಷ, ಎಲ್ಲವೂ ಇದರ ಮೇಲೆ ನಿಂತಿದೆ.

ರಿಜಿಸ್ಟರ್ಡ್. ಹೊಸದಾಗಿ ಬಂದ ಬಹುತೇಕರು ಇಲ್ಲಿಂದಲೇ ಶುರು. ರಿಜಿಸ್ಟರ್ಡ್ ಜನರನ್ನು ಇಟ್ಟುಕೊಳ್ಳಲು ಸರ್ಕಾರದಿಂದ ಅನುಮತಿ ಪಡೆದ ಮಾಲೀಕರ ಹತ್ತಿರ ಮಾತ್ರ ಕೆಲಸ ಮಾಡಬಹುದು. ಒಂದು ಕಂಪನಿಗೆ ಇಷ್ಟೇ ಜನ ಅಂತ ಲೆಕ್ಕ ಇರುತ್ತದೆ. ಮನೆ ಕೊಳ್ಳುವಂತಿಲ್ಲ. ಬಾಡಿಗೆಗೂ ರಿಜಿಸ್ಟರ್ಡ್ ದರ್ಜೆಯ ಮನೆ ಮಾತ್ರ, ಇಲ್ಲದಿದ್ದರೆ ಯಾರದಾದರೂ ಮನೆಯಲ್ಲಿ ಒಂದು ರೂಮು.

ಲೈಸೆನ್ಸ್ಡ್. ದ್ವೀಪಕ್ಕೆ ಅಗತ್ಯ ಅಂತ ಸರ್ಕಾರ ಒಪ್ಪಿದ ಹುದ್ದೆಗಳವರಿಗೆ. ಆಸ್ಪತ್ರೆಯ ಸಿಬ್ಬಂದಿ, ಶಿಕ್ಷಕರು, ಕೆಲವು ಫೈನಾನ್ಸ್ ಹುದ್ದೆಗಳಿಗೆ ಸಿಗುವುದುಂಟು. ಒಳ್ಳೆಯ ಮನೆ ಬಾಡಿಗೆಗೆ ಪಡೆಯಬಹುದು, ಕೊಳ್ಳಲೂಬಹುದು. ಆದರೆ ಈ ದರ್ಜೆ ಆ ಕೆಲಸಕ್ಕೆ ಅಂಟಿಕೊಂಡಿದೆ. ಕೆಲಸ ಹೋದರೆ ದರ್ಜೆಯೂ ಹೋಗುತ್ತದೆ.

ಎಂಟೈಟಲ್ಡ್ ಫಾರ್ ವರ್ಕ್. ಸತತ ಐದು ವರ್ಷ ದ್ವೀಪದಲ್ಲಿ ಇದ್ದವರಿಗೆ, ಅಥವಾ ಲೈಸೆನ್ಸ್ಡ್, ಎಂಟೈಟಲ್ಡ್, ಎಂಟೈಟಲ್ಡ್ ಫಾರ್ ವರ್ಕ್ ದರ್ಜೆಯವರ ಗಂಡ, ಹೆಂಡತಿ ಅಥವಾ ಸಿವಿಲ್ ಪಾರ್ಟ್ನರ್‌ಗೆ. ಈ ಕಾನೂನಿನ ಮಟ್ಟಿಗೆ ಯಾವ ಕಂಪನಿಯಲ್ಲಾದರೂ ಕೆಲಸ ಮಾಡಬಹುದು. ಮನೆ ವಿಷಯದಲ್ಲಿ ಮಾತ್ರ ಇನ್ನೂ ಪೂರ್ತಿ ಬಾಗಿಲು ತೆರೆದಿಲ್ಲ.

ಎಂಟೈಟಲ್ಡ್. ಹತ್ತು ವರ್ಷ ಇದ್ದವರಿಗೆ. ಮನೆ, ಕೆಲಸ, ಯಾವುದಕ್ಕೂ ತಡೆ ಇಲ್ಲ.

ಅಲ್ಲಿನ ಜನ ಇದಕ್ಕೆಲ್ಲ ಸೇರಿಸಿ "ಕ್ವಾಲ್ಸ್" ಅನ್ನುತ್ತಾರೆ. "ನಿನಗೆ ಕ್ವಾಲ್ಸ್ ಇದೆಯಾ?" ಅಂತ ಯಾರಾದರೂ ಕೇಳಿದರೆ ಓದಿನ ಡಿಗ್ರಿ ಹೇಳಲು ಹೋಗಬೇಡಿ, ಅವರು ಕೇಳುತ್ತಿರುವುದು ಈ ದರ್ಜೆಯನ್ನು.

## ಹಂತ 3: ಆಫರ್ ಲೆಟರ್‌ನಲ್ಲಿ ಹುಡುಕಬೇಕಾದ ಸಾಲುಗಳು

ಸಂಬಳದ ಸಾಲು ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಮೊದಲು ಈ ಪ್ರಶ್ನೆಗಳನ್ನು ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳಿ. ಫೋನ್‌ನಲ್ಲಿ ಅಲ್ಲ, ಇಮೇಲ್‌ನಲ್ಲಿ.

1. ನನ್ನ ಹುದ್ದೆ ರಿಜಿಸ್ಟರ್ಡ್ ಅನುಮತಿಯ ಮೇಲೋ, ಲೈಸೆನ್ಸ್ಡ್ ಅನುಮತಿಯ ಮೇಲೋ? ಆ ಅನುಮತಿ ಈಗಲೇ ನಿಮ್ಮ ಕೈಯಲ್ಲಿದೆಯಾ, ಇಲ್ಲ ಇನ್ನು ಅರ್ಜಿ ಹಾಕಬೇಕಾ?
2. ವರ್ಕ್ ಪರ್ಮಿಟ್ ಎಷ್ಟು ಕಾಲಕ್ಕೆ? ಸೀಸನ್ ಕೆಲಸದ ತಾತ್ಕಾಲಿಕ ಪರ್ಮಿಟ್ಟಾ, ಇಲ್ಲ ನುರಿತ ಹುದ್ದೆಯ ದೀರ್ಘ ಪರ್ಮಿಟ್ಟಾ?
3. ಈ ಪರ್ಮಿಟ್‌ನಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಕರೆತರಬಹುದಾ?
4. ಪರ್ಮಿಟ್ ಶುಲ್ಕ, ವೀಸಾ ಶುಲ್ಕ, ವಿಮಾನದ ಟಿಕೆಟ್ ಯಾರು ಕೊಡುತ್ತಾರೆ? ಮಧ್ಯದಲ್ಲಿ ಕೆಲಸ ಬಿಟ್ಟರೆ ಆ ಹಣ ವಾಪಸ್ ಕಟ್ಟಬೇಕಾ?
5. ಮೊದಲ ತಿಂಗಳು ಉಳಿಯಲು ಜಾಗ ಯಾರ ಜವಾಬ್ದಾರಿ? ಸ್ಟಾಫ್ ರೂಮ್ ಆದರೆ ಸಂಬಳದಿಂದ ಎಷ್ಟು ಹಿಡಿಯುತ್ತಾರೆ?

ಮೂರನೆಯ ಪ್ರಶ್ನೆ ಬಿಟ್ಟವರೇ ಜಾಸ್ತಿ ನೊಂದಿದ್ದಾರೆ. ಸೀಸನ್ ಪರ್ಮಿಟ್‌ನಲ್ಲಿ ಹೋದವರು "ಆರು ತಿಂಗಳ ನಂತರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ತೀನಿ" ಅಂತ ಮನೆಯವರಿಗೆ ಮಾತು ಕೊಟ್ಟು ಹೋಗಿರುತ್ತಾರೆ. ಆ ಪರ್ಮಿಟ್‌ಗೆ ಆ ದಾರಿಯೇ ಇರುವುದಿಲ್ಲ.

ನರ್ಸ್ ಆದವರಿಗೆ ಇನ್ನೊಂದು ಮಾತು. ಯುಕೆಯ ಎನ್‌ಎಂಸಿ (ನರ್ಸ್‌ಗಳ ಮಂಡಳಿ) ನೋಂದಣಿ ಸಾಕಾಗುವುದಿಲ್ಲ, ದ್ವೀಪದ ಆರೈಕೆ ಸೇವೆಗಳ ಮೇಲ್ವಿಚಾರಣೆ ಮಾಡುವ ಜರ್ಸಿ ಕೇರ್ ಕಮಿಷನ್‌ನಲ್ಲೂ ಹೆಸರು ನೋಂದಾಯಿಸಬೇಕು. ಕೆಲಸ ಶುರುವಾಗುವ ದಿನಾಂಕ ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆಯಾ ಅಂತ ಕೇಳಿ.

ಎಚ್ಚರಿಕೆಯ ಲಕ್ಷಣಗಳು. ಏಜೆಂಟ್ ಒಬ್ಬ "ಜರ್ಸಿ ವೀಸಾದಲ್ಲಿ ಹೋಗಿ, ಆರು ತಿಂಗಳಲ್ಲಿ ಲಂಡನ್‌ಗೆ ಹಾರಬಹುದು" ಅಂದರೆ ಅಲ್ಲಿಗೆ ಮಾತು ಮುಗಿಸಿ. "ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳೋಣ" ಅಂದರೂ ಅಷ್ಟೇ. ಭಾರತದಿಂದ ವಿದೇಶಿ ಕೆಲಸಕ್ಕೆ ಜನ ಕಳಿಸುವ ಏಜೆಂಟ್‌ಗೆ 1983ರ ಎಮಿಗ್ರೇಷನ್ ಕಾಯ್ದೆಯ ಅಡಿ ನೋಂದಣಿ ಇರಬೇಕು. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೇ. ಲಕ್ಷಗಳಲ್ಲಿ ಕೇಳುತ್ತಿದ್ದರೆ, ಅದೂ ರಸೀದಿ ಇಲ್ಲದೆ ಕೇಳುತ್ತಿದ್ದರೆ, ಮನೆ ಪತ್ರ ಅಡ ಇಡುವ ಮೊದಲು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವನ ಹೆಸರು ಹುಡುಕಿ. ಸಿಗದಿದ್ದರೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.

## ಹಂತ 4: ಪರ್ಮಿಟ್, ಆಮೇಲೆ ವೀಸಾ

ಕ್ರಮ ಇಷ್ಟೇ. ಮೊದಲು ಜರ್ಸಿಯ ಮಾಲೀಕರು ಅಲ್ಲಿನ ಇಮಿಗ್ರೇಷನ್ ಇಲಾಖೆಗೆ ಅರ್ಜಿ ಹಾಕಿ ವರ್ಕ್ ಪರ್ಮಿಟ್ ಪಡೆಯುತ್ತಾರೆ. ಅದರ ಪ್ರತಿ ನಿಮಗೆ ಬರುತ್ತದೆ. ಅದು ಬಂದ ಮೇಲೆ ನೀವು ವೀಸಾಗೆ ಅರ್ಜಿ ಹಾಕುತ್ತೀರಿ. ಪರ್ಮಿಟ್ ಒಂದನ್ನೇ ಹಿಡಿದುಕೊಂಡು ವಿಮಾನ ಹತ್ತುವಂತಿಲ್ಲ.

ಅರ್ಜಿ ಬ್ರಿಟಿಷ್ ಸರ್ಕಾರದ ವೀಸಾ ಜಾಲತಾಣದಲ್ಲೇ ಹಾಕಬೇಕು, ಬೆರಳಚ್ಚು ಕೊಡಲು ಬೆಂಗಳೂರಿನ ವೀಸಾ ಕೇಂದ್ರಕ್ಕೇ ಹೋಗಬೇಕು. ಹಾಗಾಗಿ ನೋಡಲು ಎಲ್ಲವೂ ಯುಕೆ ವೀಸಾ ತರಹವೇ ಕಾಣುತ್ತದೆ. ಇಲ್ಲೇ ಬಹಳ ಜನ ತಪ್ಪು ಫಾರ್ಮ್ ತುಂಬುತ್ತಾರೆ. ಯುಕೆಯ ಸ್ಕಿಲ್ಡ್ ವರ್ಕರ್ ಫಾರ್ಮ್ ನಿಮ್ಮನ್ನು ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಸಂಖ್ಯೆ ಕೇಳುತ್ತದೆ. ಜರ್ಸಿಯಲ್ಲಿ ಆ ಪದ್ಧತಿ ಇಲ್ಲ, ಅಲ್ಲಿರುವುದು ವರ್ಕ್ ಪರ್ಮಿಟ್. ಫಾರ್ಮ್ ಆ ಸಂಖ್ಯೆ ಕೇಳಿದರೆ ನೀವು ತಪ್ಪು ಜಾಗಕ್ಕೆ ಬಂದಿದ್ದೀರಿ ಅಂತಲೇ ಅರ್ಥ. ಹಿಂದೆ ಹೋಗಿ, ಎಲ್ಲಿಗೆ ಹೋಗುತ್ತೀರಿ ಅನ್ನುವ ಕಡೆ ಜರ್ಸಿ ಆರಿಸಿ. ಹಣ ಕಟ್ಟುವ ಮೊದಲು ಮೇಲಿನ ಸಾಲಿನಲ್ಲಿ ಜರ್ಸಿ ಅಂತ ಇದೆಯಾ ಅಂತ ಇನ್ನೊಮ್ಮೆ ನೋಡಿ.

ಆರು ತಿಂಗಳಿಗಿಂತ ಜಾಸ್ತಿ ಇರಲು ಹೋಗುವವರಿಗೆ ಟಿಬಿ ಪರೀಕ್ಷೆಯ ಸರ್ಟಿಫಿಕೇಟ್ ಕೇಳುತ್ತಾರೆ. ಬ್ರಿಟಿಷ್ ಸರ್ಕಾರ ಒಪ್ಪಿದ ಪಟ್ಟಿಯಲ್ಲಿರುವ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ಮನೆ ಹತ್ತಿರದ ಲ್ಯಾಬಿನ ಎಕ್ಸ್‌ರೇ ನಡೆಯುವುದಿಲ್ಲ.

ನಮ್ಮವರಿಗೆ ಮಾತ್ರ ಬರುವ ತೊಂದರೆ ಹೆಸರಿನದ್ದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಕೆ. ಎಚ್.", ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಎಲ್ಲ ಸೇರಿ ಮೂರು ಪದ, ಮದುವೆ ಸರ್ಟಿಫಿಕೇಟ್‌ನಲ್ಲಿ ಇನ್ನೊಂದು ಕಾಗುಣಿತ. ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಪರ್ಮಿಟ್ ಅರ್ಜಿಗೆ ಹೆಸರು ಕಳಿಸುವಾಗ ಪಾಸ್‌ಪೋರ್ಟ್ ಪುಟದ ಸ್ಕ್ಯಾನ್ ಕಳಿಸಿ, ಬಾಯಲ್ಲಿ ಹೇಳಬೇಡಿ. ಉಳಿದ ದಾಖಲೆಗಳ ಹೆಸರು ಬೇರೆ ಇದ್ದರೆ, ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಮದುವೆಯಾದವರು ಉಪ ನೋಂದಣಾಧಿಕಾರಿ ಕಚೇರಿಯ ಮದುವೆ ನೋಂದಣಿ ಪತ್ರ ಮಾಡಿಸಿ. ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ ಅಲ್ಲಿ ಯಾರಿಗೂ ಬೇಡ. ಇದು ವೀಸಾಗೆ ಮಾತ್ರ ಅಲ್ಲ, ಹಂತ 7ರಲ್ಲಿ ಇದೇ ಕಾಗದ ನಿಮ್ಮ ಸಂಗಾತಿಗೆ ಕೆಲಸ ತಂದುಕೊಡುತ್ತದೆ.

ಪ್ರಯಾಣ. ಭಾರತದಿಂದ ಜರ್ಸಿಗೆ ನೇರ ವಿಮಾನ ಇಲ್ಲ, ಸಾಮಾನ್ಯವಾಗಿ ಲಂಡನ್‌ನಲ್ಲಿ ಬದಲಾಯಿಸಬೇಕು. ಆಗ ಪಾಸ್‌ಪೋರ್ಟ್ ತಪಾಸಣೆ ಆಗುವುದು ಲಂಡನ್‌ನಲ್ಲೇ. ಪರ್ಮಿಟ್ ಪ್ರತಿ, ಆಫರ್ ಲೆಟರ್, ಮುಂದಿನ ವಿಮಾನದ ಟಿಕೆಟ್, ಮೂರನ್ನೂ ಕೈಚೀಲದಲ್ಲಿ ಇಡಿ, ಲಗೇಜಿಗೆ ಹಾಕಬೇಡಿ. ಡಬ್ಲಿನ್ ಮೂಲಕ ಹೋಗುವ ಅಗ್ಗದ ಟಿಕೆಟ್ ಕಂಡರೂ ಬಿಟ್ಟುಬಿಡಿ. ಐರ್ಲೆಂಡ್ ಬೇರೆ ದೇಶ, ಜರ್ಸಿ ವೀಸಾ ತೋರಿಸಿದರೆ ಒಳಗೆ ಬಿಡುವುದಿಲ್ಲ.

## ಹಂತ 5: ಇಳಿದ ವಾರವೇ ನೋಂದಣಿ ಕಾರ್ಡ್

ಕೆಲಸಕ್ಕೆ ಸೇರುವ ಮೊದಲು ಅಥವಾ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ನೋಂದಣಿ ಕಾರ್ಡ್ ಕೈಯಲ್ಲಿರಬೇಕು. ಕೆಲಸವನ್ನೇ ಮಾಡದಿದ್ದರೂ ಮೂರು ತಿಂಗಳಿಗಿಂತ ಜಾಸ್ತಿ ಇರುವ ದೊಡ್ಡವರೆಲ್ಲ ಇದನ್ನು ಮಾಡಿಸಲೇಬೇಕು. ದ್ವೀಪದ ರಾಜಧಾನಿ ಸೇಂಟ್ ಹೆಲಿಯರ್‌ನಲ್ಲಿರುವ ಸರ್ಕಾರಿ ಕಚೇರಿಯಲ್ಲಿ ಆಗುತ್ತದೆ. ಹೊರಡುವ ಮೊದಲೇ ಎಚ್‌ಆರ್ ಮೂಲಕ ದಿನ ಗೊತ್ತು ಮಾಡಿಕೊಳ್ಳಿ.

ತೆಗೆದುಕೊಂಡು ಹೋಗಬೇಕಾದ್ದು: ಪಾಸ್‌ಪೋರ್ಟ್, ವೀಸಾದ ಪುರಾವೆ, ವರ್ಕ್ ಪರ್ಮಿಟ್ ಪ್ರತಿ, ಆಫರ್ ಲೆಟರ್, ಉಳಿದುಕೊಂಡಿರುವ ವಿಳಾಸ, ಮದುವೆ ಸರ್ಟಿಫಿಕೇಟ್, ಕಾರ್ಡಿನ ಶುಲ್ಕ. ಮೊದಲು ಯುಕೆಯಲ್ಲಿ ಕೆಲಸ ಮಾಡಿದ್ದರೆ ಅಲ್ಲಿನ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಯೂ ಇರಲಿ.

ಕಾರ್ಡ್ ಕೈಗೆ ಬಂದ ಕೂಡಲೇ ಕೌಂಟರ್ ಬಿಟ್ಟು ಬರಬೇಡಿ. ಅಲ್ಲೇ ನಿಂತು ಓದಿ. ಹೆಸರು ಪಾಸ್‌ಪೋರ್ಟ್‌ನಂತೆಯೇ ಇದೆಯಾ? "ಜೆವೈ" ಅಕ್ಷರಗಳಿಂದ ಶುರುವಾಗುವ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇದೆಯಾ? ದರ್ಜೆ ಏನಂತ ಇದೆ? ಎಚ್‌ಆರ್ ಲೈಸೆನ್ಸ್ಡ್ ಅಂದಿದ್ದು, ಕಾರ್ಡ್ ರಿಜಿಸ್ಟರ್ಡ್ ಅಂತ ಹೇಳುತ್ತಿದ್ದರೆ ಆಗಲೇ ಕೇಳಿ. ಷರತ್ತು, ಕೊನೆಯ ದಿನಾಂಕ ಏನಾದರೂ ಬರೆದಿದ್ದರೆ ಫೋಟೋ ತೆಗೆದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಸಂಬಳ ಶುರುವಾದ ಮೇಲೆ ಸೋಷಿಯಲ್ ಸೆಕ್ಯೂರಿಟಿಗೆ ನಿಮ್ಮ ಪಾಲು ನೂರಕ್ಕೆ 6ರಂತೆ ಹಿಡಿಯುತ್ತಾರೆ. ಆದಾಯ ತೆರಿಗೆ ಬೇರೆ, ಅದನ್ನೂ ಸಂಬಳದಿಂದಲೇ ಕಡಿಯುತ್ತಾರೆ. ಆರೋಗ್ಯದ ವಿಷಯದಲ್ಲಿ ಯುಕೆಯ ಉಚಿತ ಚಿಕಿತ್ಸೆಯ ಲೆಕ್ಕ ಇಲ್ಲಿಗೆ ತರಬೇಡಿ. ಮೊದಲ ಆರು ತಿಂಗಳು ಹೆಲ್ತ್ ಕಾರ್ಡ್ ಸಿಗುವುದಿಲ್ಲ, ಡಾಕ್ಟರ್ ಹತ್ತಿರ ಹೋದರೆ ಪೂರ್ತಿ ಹಣ ನೀವೇ ಕೊಡಬೇಕು. ಕಾರ್ಡ್ ಬಂದ ಮೇಲೂ ಡಾಕ್ಟರ್ ಫೀಸ್‌ನಲ್ಲಿ ಒಂದು ಪಾಲು ನಿಮ್ಮದೇ. ಚಿಕ್ಕ ಮಕ್ಕಳು, ಬಿಪಿ ಶುಗರ್ ಇರುವವರು ಮೊದಲ ಆರು ತಿಂಗಳಿಗೆ ವಿಮೆ ಮಾಡಿಸಿಕೊಂಡೇ ಹೊರಡಿ.

## ಹಂತ 6: ಮನೆ ಹುಡುಕುವುದು

ಬಾಡಿಗೆ ಜಾಹೀರಾತಿನಲ್ಲಿ ಮೊದಲು ನೋಡಬೇಕಾದ್ದು ಬಾಡಿಗೆಯ ಮೊತ್ತ ಅಲ್ಲ. "ಕ್ವಾಲಿಫೈಡ್" ಅಂತ ಇದೆಯೋ "ರಿಜಿಸ್ಟರ್ಡ್" ಅಂತ ಇದೆಯೋ ನೋಡಿ. ಕ್ವಾಲಿಫೈಡ್ ಮನೆಯನ್ನು ಬಾಡಿಗೆಗೆ ಪಡೆಯಲು ಎಂಟೈಟಲ್ಡ್ ಅಥವಾ ಲೈಸೆನ್ಸ್ಡ್ ಆಗಿರಬೇಕು. ರಿಜಿಸ್ಟರ್ಡ್ ದರ್ಜೆಯವರು ಎಷ್ಟು ಬಾಡಿಗೆ ಕೊಡ್ತೀನಿ ಅಂದರೂ ಅದು ಆಗದ ಮಾತು. ಸುಮ್ನೆ ಹತ್ತು ಮನೆಗೆ ಫೋನ್ ಮಾಡಿ ಬೇಸರ ಪಟ್ಟುಕೊಳ್ಳಬೇಡಿ.

ಲೈಸೆನ್ಸ್ಡ್ ಸ್ನೇಹಿತ ತನ್ನ ಹೆಸರಿಗೆ ಮನೆ ತೆಗೆದುಕೊಂಡು ನಿಮ್ಮನ್ನು ಒಳಗೆ ಇರಿಸಿ ತಾನು ಬೇರೆ ಕಡೆ ಇರುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಮಾಡಬೇಡಿ. ಅದು ಕಾನೂನು ಮುರಿದಂತೆ, ಸಿಕ್ಕಿಬಿದ್ದರೆ ಇಬ್ಬರಿಗೂ ತೊಂದರೆ. ಆ ಸ್ನೇಹಿತ ಅದೇ ಮನೆಯಲ್ಲಿ ವಾಸವಿದ್ದು ನಿಮಗೊಂದು ರೂಮು ಕೊಟ್ಟರೆ ಅದು ಬೇರೆ, ಅದಕ್ಕೆ ದಾರಿ ಇದೆ.

ರೂಮಿಗೂ ಮನೆಗೂ ರಕ್ಷಣೆಯಲ್ಲಿ ದೊಡ್ಡ ವ್ಯತ್ಯಾಸ ಇದೆ. ಸ್ವಂತ ಅಡುಗೆಮನೆ, ಬಚ್ಚಲು ಇರುವ ಪೂರ್ತಿ ಮನೆಗೆ ಬಾಡಿಗೆ ಕಾನೂನಿನ ರಕ್ಷಣೆ ಸಿಗುತ್ತದೆ. ಅಡ್ವಾನ್ಸ್ ಹಣವನ್ನು ಮಾಲೀಕರು ಸರ್ಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಇಡಬೇಕು, ಆ ಚೀಟಿ ಕೇಳಿ ಪಡೆಯಿರಿ. ಲಾಡ್ಜರ್ ಆಗಿ ಒಂದು ರೂಮಿನಲ್ಲಿ ಇರುವವರಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಎಷ್ಟು ದಿನ ಮುಂಚೆ ಹೇಳಿ ಬಿಡಿಸಬಹುದು, ಅಡುಗೆ ಮಾಡಬಹುದಾ, ಅಡ್ವಾನ್ಸ್ ಎಷ್ಟು ವಾಪಸ್, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ.

ಸ್ಟಾಫ್ ರೂಮಿನಲ್ಲಿ ಇರುವವರು ಒಂದು ಅಪಾಯ ನೆನಪಿಡಿ: ಕೆಲಸ ಹೋದ ದಿನವೇ ಮನೆಯೂ ಹೋಗಬಹುದು. ಕೈಯಲ್ಲಿ ಒಂದು ತಿಂಗಳ ರೂಮಿನ ಬಾಡಿಗೆ ಮತ್ತು ಊರಿಗೆ ವಾಪಸ್ ಬರುವ ಟಿಕೆಟ್ಟಿನ ಹಣ ಯಾವಾಗಲೂ ಇರಲಿ.

## ಹಂತ 7: ಗಂಡ, ಹೆಂಡತಿ, ಮಕ್ಕಳು

ಹೆಂಡತಿ ನರ್ಸ್, ಲೈಸೆನ್ಸ್ಡ್ ದರ್ಜೆ. ಗಂಡ ಅವಲಂಬಿತ ವೀಸಾದಲ್ಲಿ ಬರುತ್ತಾನೆ. ಮದುವೆ ಸರ್ಟಿಫಿಕೇಟ್ ತೋರಿಸಿ ಅವನು ಎಂಟೈಟಲ್ಡ್ ಫಾರ್ ವರ್ಕ್ ಕಾರ್ಡ್ ಪಡೆಯುತ್ತಾನೆ. ವೀಸಾದಲ್ಲಿ ಕೆಲಸಕ್ಕೆ ತಡೆ ಇಲ್ಲದಿದ್ದರೆ ಯಾವ ಅಂಗಡಿ, ಯಾವ ಕಚೇರಿಯಲ್ಲಾದರೂ ಸೇರಬಹುದು.

ಅದೇ ಹೆಂಡತಿ ರಿಜಿಸ್ಟರ್ಡ್ ಆಗಿದ್ದರೆ ಗಂಡನಿಗೂ ರಿಜಿಸ್ಟರ್ಡ್ ಕಾರ್ಡೇ. ವೀಸಾ ಕೆಲಸಕ್ಕೆ ಬಿಟ್ಟರೂ, ರಿಜಿಸ್ಟರ್ಡ್ ಅನುಮತಿ ಖಾಲಿ ಇರುವ ಕಂಪನಿಯನ್ನೇ ಅವನು ಹುಡುಕಬೇಕು. ಎರಡು ಸಂಬಳದ ಲೆಕ್ಕ ಹಾಕಿ ಬಂದ ಕುಟುಂಬ ಒಂದೇ ಸಂಬಳದಲ್ಲಿ ತಿಂಗಳುಗಟ್ಟಲೆ ಕಳೆಯುವುದು ಇಲ್ಲಿಯೇ. ಜರ್ಸಿಯ ಬಾಡಿಗೆಗೆ ಅದು ತೀರಾ ಕಷ್ಟ. ಹಂತ 3ರ ಮೊದಲ ಪ್ರಶ್ನೆಯನ್ನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ದ್ವೀಪದಲ್ಲಿ ಮಗು ಹುಟ್ಟಿದರೆ ಬ್ರಿಟಿಷ್ ಪೌರತ್ವ ತಾನಾಗಿ ಬರುವುದಿಲ್ಲ. ಹುಟ್ಟುವ ಹೊತ್ತಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆ ಆಗಿರಬೇಕು, ಇಲ್ಲ ಕಾಯಂ ನೆಲೆಯ ಅನುಮತಿ ಇರಬೇಕು. ಇಲ್ಲದಿದ್ದರೆ ಲಂಡನ್‌ನ ಭಾರತೀಯ ಹೈಕಮಿಷನ್ ಮೂಲಕ ಮಗುವಿಗೆ ಭಾರತೀಯ ಪಾಸ್‌ಪೋರ್ಟ್ ಮಾಡಿಸಬೇಕು. ಊರಿಗೆ ಮಗುವನ್ನು ಕರೆದುಕೊಂಡು ಹೋದರೆ ವಾಪಸ್ ಬರಲು ಅದಕ್ಕೂ ವೀಸಾ ಬೇಕಾಗುತ್ತದೆ. ಅಜ್ಜಿ ತಾತನಿಗೆ ತೋರಿಸಲು ಟಿಕೆಟ್ ತೆಗೆಯುವ ಮೊದಲೇ ಇದನ್ನು ವಿಚಾರಿಸಿ.

## ಹಂತ 8: ಎಲ್ಲಿಗೆ ಹೋಗಬಹುದು, ಎಲ್ಲಿಗೆ ಆಗಲ್ಲ

ಯುಕೆ, ಐರ್ಲೆಂಡ್, ಐಲ್ ಆಫ್ ಮ್ಯಾನ್, ಗರ್ನ್ಸಿ, ಜರ್ಸಿ ಇವಿಷ್ಟು ಸೇರಿ ಒಂದು ಸಾಮಾನ್ಯ ಪ್ರಯಾಣ ಪ್ರದೇಶ. ಇದನ್ನು ಕೇಳಿ "ಎಲ್ಲಾ ಕಡೆ ಓಡಾಡಬಹುದು, ಕೆಲಸ ಮಾಡಬಹುದು" ಅಂತ ತಿಳಿಯುವುದು ದೊಡ್ಡ ತಪ್ಪು.

ಲಂಡನ್, ಮ್ಯಾಂಚೆಸ್ಟರ್: ಅನುಮತಿ ಚಾಲ್ತಿಯಲ್ಲಿರುವಾಗ ನೆಂಟರ ಮನೆಗೆ, ಸುತ್ತಾಟಕ್ಕೆ ಹೋಗಿ ಬರಬಹುದು. ವಾರಾಂತ್ಯಕ್ಕೆ ಯಾರದೋ ರೆಸ್ಟೋರೆಂಟ್‌ನಲ್ಲಿ ಎರಡು ದಿನ ಕೈಜೋಡಿಸಿ ದುಡ್ಡು ತೆಗೆದುಕೊಂಡರೂ ಅದು ಅಕ್ರಮ ಕೆಲಸವೇ. ತಪಾಸಣೆ ಇಲ್ಲ ಅಂದುಕೊಂಡು ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಗರ್ನ್ಸಿ: ಪಕ್ಕದ ದ್ವೀಪ, ಆದರೆ ಅದಕ್ಕೆ ಬೇರೆಯದೇ ಸರ್ಕಾರ, ಬೇರೆಯದೇ ಕಾನೂನು. ಅಲ್ಲಿನ ಜನಸಂಖ್ಯಾ ನಿಯಂತ್ರಣದ ಕಾನೂನು 2017ರಿಂದ ನಡೆಯುತ್ತಿದೆ. ಜರ್ಸಿಯ ಕಾರ್ಡ್ ಅಲ್ಲಿ ಬರೀ ಪ್ಲಾಸ್ಟಿಕ್. ಜರ್ಸಿಯಲ್ಲಿ ಕಳೆದ ವರ್ಷಗಳು ಅಲ್ಲಿನ ಮನೆ, ಕೆಲಸದ ಹಕ್ಕಿಗೆ ಲೆಕ್ಕಕ್ಕೆ ಬರುವುದಿಲ್ಲ.

ಐರ್ಲೆಂಡ್: ಭಾರತೀಯ ಪಾಸ್‌ಪೋರ್ಟ್‌ಗೆ ಐರಿಷ್ ವೀಸಾ ಬೇಕು.

ಫ್ರಾನ್ಸ್: ಫ್ರಾನ್ಸ್‌ನ ತೀರ ಜರ್ಸಿಯಿಂದ ಸುಮಾರು 22 ಕಿಲೋಮೀಟರ್. ಸೇಂಟ್ ಮಾಲೋಗೆ ಹಡಗು ಹೋಗುತ್ತಲೇ ಇರುತ್ತದೆ, ಜೊತೆಯ ಕೆಲಸಗಾರರು ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ಅವರ ಹಿಂದೆ ನೀವೂ ಹೊರಡಬೇಡಿ. ನಿಮಗೆ ಷೆಂಗನ್ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ) ವೀಸಾ ಬೇಕು, ಒಂದು ದಿನಕ್ಕಾದರೂ ಬೇಕು.

## ಹಂತ 9: ಕೆಲಸ ಬದಲಾಯಿಸುವಾಗ

ಕ್ರಮ ತಪ್ಪಿದರೆ ಇಲ್ಲಿ ಸರಿಪಡಿಸುವುದು ಕಷ್ಟ. ಹೊಸ ಮಾಲೀಕರು ಮೊದಲು ತಮಗೆ ರಿಜಿಸ್ಟರ್ಡ್ ಅಥವಾ ಲೈಸೆನ್ಸ್ಡ್ ಅನುಮತಿ ಇದೆಯಾ ಅಂತ ಖಚಿತ ಮಾಡಬೇಕು. ಆಮೇಲೆ ನಿಮ್ಮ ಹೆಸರಿಗೆ ಹೊಸ ವರ್ಕ್ ಪರ್ಮಿಟ್ ಪಡೆಯಬೇಕು. ಆಮೇಲೆ ನಿಮ್ಮ ವೀಸಾ ಅನುಮತಿ ಅದಕ್ಕೆ ತಕ್ಕಂತೆ ಬದಲಾಗಬೇಕು. ಇಷ್ಟೂ ಆದ ಮೇಲೆ ರಾಜೀನಾಮೆ. ನಮ್ಮವರು ಹೊಸ ಜಾಗದವರು ಬಾಯಿಮಾತಲ್ಲಿ "ಬಾ" ಅಂದ ಕೂಡಲೇ ಹಳೆಯ ಕಡೆ ರಾಜೀನಾಮೆ ಬರೆದುಕೊಡುತ್ತಾರೆ. ಹಳೆಯ ಮಾಲೀಕರು ಅದನ್ನು ಇಮಿಗ್ರೇಷನ್‌ಗೆ ತಿಳಿಸುತ್ತಾರೆ, ನಿಮ್ಮ ಅನುಮತಿಯ ಅವಧಿ ಮೊಟಕಾಗಬಹುದು.

ಲೈಸೆನ್ಸ್ಡ್ ದರ್ಜೆಯಲ್ಲಿ ಮನೆ ಬಾಡಿಗೆಗೆ ಪಡೆದವರು, ಅದಕ್ಕಿಂತ ಹೆಚ್ಚಾಗಿ ಕೊಂಡವರು, ಹೊಸ ಕೆಲಸವೂ ಲೈಸೆನ್ಸ್ಡ್ ಆಗಿದೆಯಾ ಅಂತ ಬರವಣಿಗೆಯಲ್ಲಿ ಪಡೆಯದೆ ಕದಲಬೇಡಿ. ದರ್ಜೆ ಇಳಿದರೆ ಮನೆಯ ಹಕ್ಕು ಅಲುಗಾಡುತ್ತದೆ, ಜೊತೆಗೆ ಸಂಗಾತಿಯ ಕಾರ್ಡೂ.

ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಹಕ್ಕು ಯಾವ ಮಾಲೀಕರಿಗೂ ಇಲ್ಲ. "ಸೇಫಾಗಿ ಇಡ್ತೀವಿ" ಅಂದರೂ ಕೊಡಬೇಡಿ. ಪರ್ಮಿಟ್‌ನಲ್ಲಿ ಬರೆದ ಕೆಲಸ ಒಂದು, ಮಾಡಿಸುವುದು ಇನ್ನೊಂದು. ಸಂಬಳದ ಚೀಟಿ ಕೊಡದಿರುವುದು. ಅದೇ ಮಾಲೀಕರ ಇನ್ನೊಂದು ಅಂಗಡಿಗೆ "ಸ್ವಲ್ಪ ಹೋಗಿ ಬಾ" ಅನ್ನುವುದು, ಇವು ಸುಮ್ಮನಿರಬಾರದ ಲಕ್ಷಣಗಳು. ಪರ್ಮಿಟ್ ಮೀರಿದ ಕೆಲಸಕ್ಕೆ ಅವರ ಜೊತೆ ನೀವೂ ಉತ್ತರ ಕೊಡಬೇಕಾಗುತ್ತದೆ. ಕೆಲಸದ ವ್ಯಾಜ್ಯಗಳಿಗೆ ಜರ್ಸಿ ಅಡ್ವೈಸರಿ ಅಂಡ್ ಕನ್ಸಿಲಿಯೇಷನ್ ಸರ್ವಿಸ್ ಅಂತ ಒಂದು ಸಂಸ್ಥೆ ಇದೆ, ಸಲಹೆಗೆ ಹಣ ಕೇಳುವುದಿಲ್ಲ. ಸಿಟಿಜನ್ಸ್ ಅಡ್ವೈಸ್ ಕೂಡ ಹಾಗೆಯೇ.

## ಹಂತ 10: ಐದು ವರ್ಷ, ಹತ್ತು ವರ್ಷದ ಲೆಕ್ಕ

ಐದು ವರ್ಷಕ್ಕೆ ಎರಡು ಬೇರೆ ಸಂಗತಿ ನಡೆಯುತ್ತವೆ, ಎರಡೂ ಐದೇ ಆದ್ದರಿಂದ ಜನ ಒಂದೇ ಅಂದುಕೊಳ್ಳುತ್ತಾರೆ. ಮನೆ ಮತ್ತು ಕೆಲಸದ ಕಾನೂನಿನಲ್ಲಿ ನೀವು ಎಂಟೈಟಲ್ಡ್ ಫಾರ್ ವರ್ಕ್ ಆಗಬಹುದು. ವಲಸೆ ಕಾನೂನಿನಲ್ಲಿ, ನಿಮ್ಮ ಪರ್ಮಿಟ್ ಆ ದಾರಿಯದ್ದಾಗಿದ್ದರೆ, ಕಾಯಂ ನೆಲೆಗೆ ಅರ್ಜಿ ಹಾಕಬಹುದು. ಒಂದು ಬಂತು ಅಂತ ಇನ್ನೊಂದು ತಾನಾಗಿ ಬರುವುದಿಲ್ಲ. ಎಂಟೈಟಲ್ಡ್ ಫಾರ್ ವರ್ಕ್ ಕಾರ್ಡ್ ಸಿಕ್ಕಿತು ಅಂತ ಖುಷಿಯಲ್ಲಿ ಬೇರೆ ಕಂಪನಿಗೆ ಹಾರಿದವರ ವೀಸಾ ಇನ್ನೂ ಹಳೆಯ ಮಾಲೀಕರಿಗೇ ಕಟ್ಟಿಕೊಂಡಿದ್ದರೆ, ಅವರು ಮಾಡುತ್ತಿರುವುದು ಅಕ್ರಮ ಕೆಲಸ. ಕಾಯಂ ನೆಲೆ ಸಿಗುವ ತನಕ ಎರಡನ್ನೂ ನೋಡಿಯೇ ಹೆಜ್ಜೆ ಇಡಿ.

ಕಾರ್ಡ್ ತಾನಾಗಿ ಬದಲಾಗುವುದಿಲ್ಲ. ಐದು ವರ್ಷ ಆದ ದಿನ ಯಾರೂ ಪತ್ರ ಬರೆದು ಕರೆಯುವುದಿಲ್ಲ, ನೀವೇ ಪುರಾವೆ ತೆಗೆದುಕೊಂಡು ಹೋಗಿ ಹೊಸ ಕಾರ್ಡ್ ಕೇಳಬೇಕು. ಹತ್ತು ವರ್ಷಕ್ಕೂ ಹಾಗೆಯೇ. ಹತ್ತರ ನಂತರವೂ, ಆ ದರ್ಜೆ ಕಾಯಂ ಆಗುವಷ್ಟು ವರ್ಷ ತುಂಬುವ ಮೊದಲು ಬಹಳ ಕಾಲ ದ್ವೀಪ ಬಿಟ್ಟು ಹೋದರೆ ಎಂಟೈಟಲ್ಡ್ ದರ್ಜೆ ಕಳೆದುಹೋಗುತ್ತದೆ.

ಊರಿಗೆ ಬಂದು ಹೋಗುವ ದಿನಗಳ ಲೆಕ್ಕ ಮೊದಲ ದಿನದಿಂದಲೇ ಇಡಿ. ಬಾಣಂತನಕ್ಕೆ ತವರಿಗೆ ಬಂದು ಏಳೆಂಟು ತಿಂಗಳು ಉಳಿಯುವುದು, ತಂದೆ ತಾಯಿಯ ಕಾಯಿಲೆಗೆ ಬಂದು ವಾಪಸ್ ಹೋಗುವುದು ತಡವಾಗುವುದು, ನಮ್ಮಲ್ಲಿ ಇದೆಲ್ಲ ಸಹಜ ಅಲ್ವಾ? ಆದರೆ ಸತತ ಐದು ವರ್ಷ ಅನ್ನುವಲ್ಲಿ ಇಂಥ ದೊಡ್ಡ ಅಂತರ ಲೆಕ್ಕವನ್ನೇ ಮುರಿಯಬಹುದು. ಹೊರಡುವ ಮೊದಲು ಇಮಿಗ್ರೇಷನ್ ಮತ್ತು ನೋಂದಣಿ ಕಾರ್ಡ್, ಎರಡೂ ಕಚೇರಿಗೆ ಇಮೇಲ್ ಮಾಡಿ ಕಾರಣ ತಿಳಿಸಿ, ಉತ್ತರ ಇಟ್ಟುಕೊಳ್ಳಿ. ಮುಂದೆ ಬ್ರಿಟಿಷ್ ಪೌರತ್ವಕ್ಕೆ ಹೋಗುವ ಯೋಚನೆ ಇದ್ದರೆ ಜರ್ಸಿಯಲ್ಲಿ ಕಳೆದ ಕಾಲ ಅದಕ್ಕೆ ಲೆಕ್ಕ ಬರುತ್ತದೆ. ಅಲ್ಲಿ ಸಾಮಾನ್ಯ ಮಿತಿ ಐದು ವರ್ಷದಲ್ಲಿ ಒಟ್ಟು 450 ದಿನ ಹೊರಗೆ, ಅದರಲ್ಲೂ ಕೊನೆಯ ವರ್ಷದಲ್ಲಿ 90 ದಿನ. ಆ ಪೌರತ್ವ ತೆಗೆದುಕೊಂಡರೆ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ.

ಪುರಾವೆ ಅಂದರೆ ಏನೇನು? ಪ್ರತಿ ತಿಂಗಳ ಸಂಬಳದ ಚೀಟಿ, ವರ್ಷದ ತೆರಿಗೆ ಪತ್ರ, ಬಾಡಿಗೆ ಕರಾರು, ರೂಮಿನಲ್ಲಿ ಇದ್ದರೆ ಮನೆಯವರು ಬರೆದುಕೊಟ್ಟ ಹಾಳೆ, ಹಳೆಯ ನೋಂದಣಿ ಕಾರ್ಡಿನ ಫೋಟೋ, ವಿಮಾನದ ಟಿಕೆಟ್‌ಗಳು, ಹಳೆಯ, ಹೊಸ ಎರಡೂ ಪಾಸ್‌ಪೋರ್ಟ್‌ನ ಎಲ್ಲ ಪುಟಗಳ ಸ್ಕ್ಯಾನ್. ಪಾಸ್‌ಪೋರ್ಟ್ ನವೀಕರಿಸಿದಾಗ ಹಳೆಯದನ್ನು ಎಸೆಯಬೇಡಿ. ಕೆಲಸಗಾರನ ಹೆಸರಿಗೆ ಎಲ್ಲ ಕಾಗದ ಇದ್ದು ಸಂಗಾತಿಯ ಹೆಸರಿಗೆ ಒಂದೂ ಇಲ್ಲದೆ ಐದು ವರ್ಷದ ಕೊನೆಗೆ ಪರದಾಡುವ ಮನೆಗಳು ಬಹಳ, ಹಾಗಾಗಿ ಬಾಡಿಗೆ ಕರಾರಿನಲ್ಲೋ ಬ್ಯಾಂಕ್ ಖಾತೆಯಲ್ಲೋ ಇಬ್ಬರ ಹೆಸರೂ ಮೊದಲ ವರ್ಷವೇ ಸೇರಿಸಿ.